ಓಟದ ಹಾದಿ ಮತ್ತು ಕುದುರೆಯ ಕಾಲು

ಮಾನವನು ಪಳಗಿಸಿದ ಪ್ರಾಣಿಗಳಲ್ಲಿ ವೇಗಕ್ಕೆ ಹೆಸರಾದುದು ಕುದುರೆ. ರಥವನ್ನೆಳೆದು, ಯೋಧರನ್ನು ಹೊತ್ತು, ಅಂಚೆಯನ್ನು ಊರಿಂದೂರಿಗೆ ಮುಟ್ಟಿಸಿ ಅದು ಸಾವಿರಾರು ವರ್ಷಗಳ ಕಾಲ ಮನುಷ್ಯನ ಸೇವೆ ಮಾಡಿದೆ. ರೈಲು, ಮೋಟಾರುಗಳು ಬಂದ ಮೇಲೆ ಈ ಕೆಲಸಗಳು ಬಹುಮಟ್ಟಿಗೆ ಅದರ ಪಾಲಿಗೆ ಇಲ್ಲವಾದುವು. ಆದರೆ ಅದರ ಓಟವನ್ನು ನೋಡಿ ಆನಂದಿಸುವ ಆಸೆ ಮಾತ್ರ ಮನುಷ್ಯನಲ್ಲಿ ಉಳಿದುಕೊಂಡಿತು. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಜನರು ಅರಬ್ಬೀ ಮೊದಲಾದ ಪೂರ್ವದೇಶಗಳ ಗಂಡುಕುದುರೆಗಳನ್ನು ತಮ್ಮ ದೇಶದ ಹೆಣ್ಣುಕುದುರೆಗಳೊಡನೆ ಕೂಡಿಸಿ, ಓಟಕ್ಕೆಂದೇ ಒಂದು ತಳಿಯನ್ನು ಬೆಳೆಸಿದರು. ‘ಥರೋಬ್ರೆಡ್’ ಎಂದು ಕರೆಯಲಾಗುವ ಈ ತಳಿ ಇಂದು ಪ್ರಪಂಚದಲ್ಲೆಲ್ಲ ಹರಡಿದೆ. ಬೆಂಗಳೂರು, ಮೈಸೂರುಗಳ ಪಂದ್ಯಗಳಲ್ಲಿ ಓಡುವ ಕುದುರೆಗಳೂ ಇದೇ ತಳಿಗೆ ಸೇರಿದವು.

ಈ ಕುದುರೆಯ ದೇಹ ನೋಡಲು ಬಲು ಸೊಗಸು. ವಿಶಾಲವಾದ ಎದೆ, ಬಲಿಷ್ಠವಾದ ತೊಡೆ, ನುಣುಪಾದ ಮೈ. ಆದರೆ ಇಷ್ಟು ದೊಡ್ಡ ದೇಹವನ್ನು ಹೊತ್ತಿರುವ ಕಾಲುಗಳು ಮಾತ್ರ ಆಶ್ಚರ್ಯವೆನಿಸುವಷ್ಟು ತೆಳುವಾಗಿವೆ. ಸುಮಾರು 450ರಿಂದ 500 ಕಿಲೋಗ್ರಾಂ ತೂಗುವ ಪ್ರಾಣಿ ಗಂಟೆಗೆ 60 ಕಿಲೋಮೀಟರಿನಷ್ಟು ವೇಗದಲ್ಲಿ ಓಡುವಾಗ ಆ ತೆಳುವಾದ ಕಾಲುಗಳು ಏನನ್ನು ತಾಳಿಕೊಳ್ಳಬೇಕಾಗುತ್ತದೆ? ಅವು ಊರುವ ನೆಲ ಹೇಗಿದ್ದರೆ ಅವುಗಳಿಗೆ ಕ್ಷೇಮ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಕೇವಲ ಕುತೂಹಲದ ಸಂಗತಿಯಲ್ಲ; ಅದು ಪ್ರಾಣಿಯ ಅಳಿವು ಉಳಿವಿನ ಪ್ರಶ್ನೆ.

ಮನುಷ್ಯನ ಕಾಲಿನ ಮೂಳೆ ಮುರಿದರೆ ಕಟ್ಟು ಹಾಕಿ, ಕೆಲವು ವಾರ ಮಲಗಿಸಿ ಗುಣಪಡಿಸಬಹುದು. ಕುದುರೆಯ ವಿಷಯದಲ್ಲಿ ಇದು ಅಷ್ಟು ಸುಲಭವಲ್ಲ. ಅದು ವಾರಗಟ್ಟಲೆ ಮಲಗಿರಲಾರದು. ಹಾಗೆ ಮಲಗಿದರೆ ದೇಹದ ಭಾರದಿಂದಲೇ ಅದರ ಸ್ನಾಯುಗಳೂ ಶ್ವಾಸಕೋಶಗಳೂ ಕೆಡುತ್ತವೆ. ಮೂರು ಕಾಲಿನ ಮೇಲೆ ನಿಲ್ಲಿಸಿದರೆ, ಮುರಿದ ಕಾಲಿನ ಪಾಲಿನ ಭಾರವೂ ಅದರ ಜೊತೆಯ ಕಾಲಿನ ಮೇಲೆ ಬಿದ್ದು, ಅಲ್ಲಿ ಗೊರಸಿಗೂ ಒಳಗಿನ ಮೂಳೆಗೂ ಇರುವ ಬೆಸುಗೆ ಉರಿಯೂತಗೊಂಡು ಬಿಟ್ಟುಕೊಳ್ಳುತ್ತದೆ. ಅದರ ನೋವು ಅಸಹನೀಯವಾದುದು.

ಅಮೆರಿಕದ ‘ಬಾರ್ಬರೊ’ ಎಂಬ ಕುದುರೆಯ ಕಥೆ ಇದಕ್ಕೆ ಸಾಕ್ಷಿ. 2006ರ ಮೇ ತಿಂಗಳಿನಲ್ಲಿ ಅದು ಪ್ರಸಿದ್ಧವಾದ ಕೆಂಟಕಿ ಡರ್ಬಿ ಪಂದ್ಯವನ್ನು ಗೆದ್ದಿತು. ಎರಡು ವಾರಗಳ ಅನಂತರ ಬಾಲ್ಟಿಮೋರ್ ನಗರದಲ್ಲಿ ನಡೆದ ಇನ್ನೊಂದು ಪಂದ್ಯದ ಆರಂಭದಲ್ಲಿಯೇ ಅದರ ಬಲ ಹಿಂಗಾಲು ನುಚ್ಚುನೂರಾಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಪಶುವೈದ್ಯರು ಲೋಹದ ಪಟ್ಟಿಯನ್ನಿಟ್ಟು, 27 ತಿರುಪುಗಳನ್ನು ಬಿಗಿದು ಮೂಳೆಯನ್ನು ಕೂಡಿಸಿದರು. ದೇಶದ ಜನರೆಲ್ಲ ಅದರ ಚೇತರಿಕೆಗಾಗಿ ಹಾರೈಸಿದರು. ಮುರಿದ ಮೂಳೆ ಕೂಡಿಕೊಳ್ಳುತ್ತ ಬಂದಿತು. ಆದರೆ ಭಾರವನ್ನು ಹೊತ್ತಿದ್ದ ಎಡ ಹಿಂಗಾಲಿನ ಗೊರಸು ಕೆಟ್ಟಿತು. ಎಂಟು ತಿಂಗಳ ಹೋರಾಟದ ಬಳಿಕ, 2007ರ ಜನವರಿ 29ರಂದು, ಬೇರೆ ದಾರಿ ಕಾಣದೆ ಅದಕ್ಕೆ ನೋವಿಲ್ಲದ ಮರಣವನ್ನು ಕೊಡಬೇಕಾಯಿತು. ಇಂಥ ಗಾಯವಾದ ಮೇಲೆ ಚಿಕಿತ್ಸೆ ಮಾಡುವುದಕ್ಕಿಂತ ಗಾಯವಾಗದಂತೆ ನೋಡಿಕೊಳ್ಳುವುದೇ ಮೇಲೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗಾಯವನ್ನು ತಡೆಯಬೇಕಾದರೆ ಮೊದಲು ಕಾಲಿನ ರಚನೆಯನ್ನು ಅರಿಯಬೇಕು. ಕುದುರೆಯ ಪ್ರತಿಯೊಂದು ಕಾಲೂ ನಿಂತಿರುವುದು ಒಂದೇ ಬೆರಳಿನ ಮೇಲೆ. ಮನುಷ್ಯನು ತನ್ನ ನಡುಬೆರಳುಗಳ ತುದಿಯನ್ನು ಮಾತ್ರ ನೆಲಕ್ಕೂರಿ ಮೈಭಾರವನ್ನು ಹೊತ್ತರೆ ಹೇಗಿರಬಹುದೋ ಹಾಗೆ. ಆ ಬೆರಳಿನ ಉಗುರೇ ದಪ್ಪನಾಗಿ ಗಟ್ಟಿಯಾಗಿ ಬೆಳೆದು ಗೊರಸಾಗಿದೆ. ಮುಂಗಾಲಿನ ಮಂಡಿ ಎಂದು ಕರೆಯುವ ಕೀಲು ವಾಸ್ತವವಾಗಿ ಮನುಷ್ಯನ ಮಣಿಕಟ್ಟಿಗೆ ಸಮಾನವಾದುದು. ಅಲ್ಲಿಂದ ಕೆಳಗೆ ಮಾಂಸಖಂಡಗಳು ಇಲ್ಲವೆಂದೇ ಹೇಳಬಹುದು. ಅಲ್ಲಿರುವುದು ಉದ್ದವಾದ ಒಂದು ಮುಖ್ಯ ಮೂಳೆ, ಅದರ ಕೆಳಗಿನ ಕೆಲವು ಸಣ್ಣ ಮೂಳೆಗಳು, ಅವುಗಳನ್ನು ಹಿಡಿದಿರುವ ಅಸ್ಥಿರಜ್ಜುಗಳು ಮತ್ತು ಮೇಲಿನ ಮಾಂಸಖಂಡಗಳಿಂದ ಇಳಿದುಬಂದ ಸ್ನಾಯುರಜ್ಜುಗಳು. ಕಾಲಿನ ತುದಿ ಹಗುರವಾಗಿದ್ದಷ್ಟೂ ಅದನ್ನು ಬೇಗ ಬೇಗ ಬೀಸಲು ಸಾಧ್ಯ. ಕುದುರೆಯ ವೇಗದ ಗುಟ್ಟು ಇದು. ಅದರ ದೌರ್ಬಲ್ಯದ ಮೂಲವೂ ಇದೇ.

ಕುದುರೆ ನಾಗಾಲೋಟದಲ್ಲಿ ಓಡುವಾಗ ನಾಲ್ಕು ಕಾಲುಗಳೂ ಏಕಕಾಲಕ್ಕೆ ನೆಲವನ್ನು ಬಿಡುವ ಕ್ಷಣವೊಂದುಂಟು. ಬರಿಗಣ್ಣಿಗೆ ಕಾಣದ ಈ ಸಂಗತಿಯನ್ನು 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು, ಸಾಲಾಗಿ ಕ್ಯಾಮೆರಾಗಳನ್ನಿಟ್ಟು ತೆಗೆದ ಚಿತ್ರಗಳಿಂದ ತೋರಿಸಿಕೊಟ್ಟನು. ಹೀಗೆ ಗಾಳಿಯಲ್ಲಿದ್ದ ದೇಹ ನೆಲಕ್ಕಿಳಿದ ಮೇಲೆ ಕಾಲುಗಳು ಒಂದಾದ ಮೇಲೊಂದರಂತೆ ಭಾರವನ್ನು ಹೊರುತ್ತವೆ. ಒಂದು ಹಂತದಲ್ಲಿ ಇಡೀ ದೇಹವನ್ನು ಒಂದೇ ಮುಂಗಾಲು ಹೊರಬೇಕಾಗುತ್ತದೆ. ಆಗ ಅದರ ಮೇಲೆ ಬೀಳುವ ಬಲ ದೇಹದ ತೂಕದ ಸುಮಾರು ಎರಡೂವರೆ ಪಟ್ಟು; ಅಂದರೆ ಸಾವಿರ ಕಿಲೋಗ್ರಾಂಗೂ ಮಿಕ್ಕಿದ ಭಾರಕ್ಕೆ ಸಮಾನ. ಇದೆಲ್ಲ ನಡೆದುಹೋಗುವುದು ಒಂದು ಸೆಕೆಂಡಿನ ಸುಮಾರು ಹತ್ತನೆಯ ಒಂದು ಭಾಗದಲ್ಲಿ.

ಇಷ್ಟು ಅಲ್ಪಕಾಲದಲ್ಲಿ ಗೊರಸಿಗೂ ನೆಲಕ್ಕೂ ನಡೆಯುವ ವ್ಯವಹಾರವನ್ನು ಮೂರು ಹಂತಗಳಾಗಿ ವಿಂಗಡಿಸಬಹುದು. ಮೊದಲನೆಯದು ತಾಗುವ ಹಂತ. ಗೊರಸು ನೆಲಕ್ಕೆ ಬಡಿದು, ಕೊಂಚ ಮುಂದಕ್ಕೆ ಜಾರಿ ನಿಲ್ಲುತ್ತದೆ. ಆ ಬಡಿತದ ಕಂಪನ ಮೂಳೆಗಳ ಮೂಲಕ ಮೇಲಕ್ಕೇರುತ್ತದೆ. ಎರಡನೆಯದು ಭಾರ ಹೊರುವ ಹಂತ. ಗೊರಸಿನ ಮೇಲಿನ ಕೀಲು ಕೆಳಕ್ಕೆ ಬಗ್ಗಿ, ಕಾಲಿನ ಹಿಂಬದಿಯ ಸ್ನಾಯುರಜ್ಜುಗಳು ರಬ್ಬರಿನಂತೆ ಹಿಗ್ಗುತ್ತವೆ. ಮೂರನೆಯದು ಒದೆದು ಏಳುವ ಹಂತ. ಗೊರಸಿನ ತುದಿ ನೆಲವನ್ನು ಹಿಂದಕ್ಕೊತ್ತಿ ದೇಹವನ್ನು ಮುಂದಕ್ಕೆ ತಳ್ಳುತ್ತದೆ. ಹಿಗ್ಗಿದ್ದ ಸ್ನಾಯುರಜ್ಜುಗಳು ಕುಗ್ಗಿ ತಮ್ಮಲ್ಲಿ ಕೂಡಿಟ್ಟ ಶಕ್ತಿಯನ್ನು ಹಿಂದಿರುಗಿಸುತ್ತವೆ. ಓಟ ಮುಂದುವರಿದಂತೆ ಈ ಹಿಗ್ಗು ಕುಗ್ಗುಗಳಿಂದ ಸ್ನಾಯುರಜ್ಜುವಿನ ಒಳಭಾಗ 45 ಡಿಗ್ರಿ ಸೆಲ್ಸಿಯಸ್‌ವರೆಗೂ ಬಿಸಿಯಾಗುವುದೆಂದು ತಿಳಿದುಬಂದಿದೆ.

ಈ ಮೂರು ಹಂತಗಳಲ್ಲಿಯೂ ನೆಲದ ಗುಣ ತನ್ನ ಪ್ರಭಾವವನ್ನು ಬೀರುತ್ತದೆ. ನೆಲ ತೀರ ಗಟ್ಟಿಯಾಗಿದ್ದರೆ ಬಡಿತದ ಕಂಪನವನ್ನು ಅದು ಹೀರಿಕೊಳ್ಳುವುದಿಲ್ಲ; ಎಲ್ಲವನ್ನೂ ಮೂಳೆ ಮತ್ತು ಕೀಲುಗಳೇ ತಾಳಿಕೊಳ್ಳಬೇಕು. ಹಾಗೆಂದು ನೆಲವನ್ನು ಬಹಳ ಸಡಿಲವಾಗಿಯೂ ಆಳವಾಗಿಯೂ ಮಾಡಿದರೆ ಗೊರಸು ಹೂತುಹೋಗುತ್ತದೆ, ಒದೆದು ಏಳುವಾಗ ಕಾಲಡಿಯ ಮಣ್ಣು ಹಿಂದಕ್ಕೆ ಸರಿಯುತ್ತದೆ. ಪ್ರಾಣಿ ಬೇಗ ದಣಿದು, ಸ್ನಾಯುರಜ್ಜುಗಳಿಗೆ ಪೆಟ್ಟಾಗುತ್ತದೆ. ಜಾರುವ ನೆಲದಲ್ಲಿ ಕಾಲು ಎತ್ತಲೋ ಹೋಗುತ್ತದೆ. ಜಾರದಂತೆ ಗೊರಸನ್ನು ಬಿಗಿಯಾಗಿ ಹಿಡಿದುಕೊಳ್ಳುವ ನೆಲವೂ ಅಪಾಯಕರವೇ. ಗೊರಸು ತಟ್ಟನೆ ನಿಂತು ದೇಹ ಮುಂದೆ ಸಾಗಿದರೆ ನಡುವಿನ ಮೂಳೆ ಬಾಗಬೇಕಾಗುತ್ತದೆ. ಹೀಗೆ, ಒಳ್ಳೆಯ ನೆಲವೆಂದರೆ ಮೆತ್ತನೆಯ ನೆಲವೆಂದಾಗಲಿ ಗಟ್ಟಿಯಾದ ನೆಲವೆಂದಾಗಲಿ ಹೇಳಲು ಬಾರದು. ಎರಡರ ನಡುವಿನ ಹದವನ್ನು ಸಾಧಿಸಬೇಕು.

ಪ್ರಪಂಚದ ಓಟದ ಹಾದಿಗಳಲ್ಲಿ ಮುಖ್ಯವಾಗಿ ಮೂರು ಬಗೆ. ಇಂಗ್ಲೆಂಡ್, ಫ್ರಾನ್ಸ್, ಆಸ್ಟ್ರೇಲಿಯಾ, ಭಾರತ ಮುಂತಾದ ದೇಶಗಳಲ್ಲಿ ಹುಲ್ಲುಹಾದಿ ಪ್ರಧಾನವಾದುದು. ಹುಲ್ಲಿನ ಬೇರುಗಳು ಮಣ್ಣನ್ನು ಹೆಣೆದು ಹಿಡಿದಿರುವುದರಿಂದ ಅದಕ್ಕೆ ಸಹಜವಾದ ಮೆತುವೂ ಹಿಡಿತವೂ ಇರುತ್ತದೆ. ಆದರೆ ಬಿಸಿಲಿಗೆ ಅದು ಗಟ್ಟಿಯಾಗುತ್ತದೆ, ಮಳೆಗೆ ಕೆಸರಾಗುತ್ತದೆ, ಮೇಲಿಂದ ಮೇಲೆ ಓಡಿಸಿದರೆ ಕಿತ್ತುಹೋಗುತ್ತದೆ. ಅಮೆರಿಕದಲ್ಲಿ ಮಣ್ಣುಹಾದಿ ಹೆಚ್ಚು ಬಳಕೆಯಲ್ಲಿದೆ. ಬಿಗಿಯಾಗಿ ಅದುಮಿದ ತಳದ ಮೇಲೆ ಮರಳು ಮತ್ತು ಜೇಡಿಮಣ್ಣು ಬೆರೆತ ಪದರವನ್ನು ಹರಡಿ, ಟ್ರ್ಯಾಕ್ಟರಿಗೆ ಹಲುಬೆ ಕಟ್ಟಿ ಅದನ್ನು ಆಗಾಗ ಸಡಿಲಿಸುತ್ತಿರುತ್ತಾರೆ. ದಿನವೂ ಓಡಿಸಬಹುದೆಂಬುದು ಇದರ ಅನುಕೂಲ. ಮೂರನೆಯದು ಕೃತಕಹಾದಿ. ಮರಳಿಗೆ ಮೇಣವನ್ನು ಲೇಪಿಸಿ, ಕೃತಕ ನಾರು, ರಬ್ಬರಿನ ಚೂರು ಮುಂತಾದುವನ್ನು ಬೆರೆಸಿ ಇದನ್ನು ಸಿದ್ಧಪಡಿಸುತ್ತಾರೆ. ಮಳೆಯ ನೀರು ಮೇಲೆ ನಿಲ್ಲದೆ ಕೆಳಕ್ಕೆ ಬಸಿದುಹೋಗುವಂತೆ ಇದರ ರಚನೆ ಇರುತ್ತದೆ.

ಮಣ್ಣುಹಾದಿಯ ಗುಣವನ್ನು ನಿರ್ಧರಿಸುವುದರಲ್ಲಿ ನೀರಿನ ಪಾತ್ರ ಬಹು ದೊಡ್ಡದು. ಕಡಲ ದಡದಲ್ಲಿ ನಡೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ದೂರದ ಒಣಮರಳಿನಲ್ಲಿ ಕಾಲು ಹೂಳುತ್ತದೆ. ಅಲೆ ಬಂದು ಹೋದ ಒದ್ದೆಮರಳು ಗಟ್ಟಿಯಾಗಿ ಕಾಲನ್ನು ಹೊರುತ್ತದೆ. ನೀರೊಳಗಿನ ಮರಳಾದರೋ ಕಾಲಡಿಯಿಂದ ಜಾರಿಹೋಗುತ್ತದೆ. ಮರಳು ಅದೇ, ಬೇರೆಯಾದುದು ನೀರಿನ ಪ್ರಮಾಣ ಮಾತ್ರ. ಓಟದ ಹಾದಿಯಲ್ಲಿ ನೆರಳಿರುವ ಕಡೆ ತೇವ ಉಳಿದು, ಬಿಸಿಲು ಬೀಳುವ ಕಡೆ ಆರಿದರೆ, ಒಂದೇ ಸುತ್ತಿನಲ್ಲಿ ಕುದುರೆ ಎರಡು ಬಗೆಯ ನೆಲವನ್ನು ತುಳಿಯಬೇಕಾಗುತ್ತದೆ. ಮುಂದಿನ ಹೆಜ್ಜೆಯೂ ಹಿಂದಿನ ಹೆಜ್ಜೆಯಂತೆಯೇ ಇರುತ್ತದೆಂದು ನಂಬಿ ವೇಗದಿಂದ ಬರುವ ಕಾಲಿಗೆ ಈ ವ್ಯತ್ಯಾಸ ಅನಿರೀಕ್ಷಿತ. ಆದುದರಿಂದಲೇ ಹಾದಿಯ ಮೆತುವಿಗಿಂತಲೂ ಹಾದಿಯ ಏಕರೂಪತೆ ಮುಖ್ಯವೆಂದು ಈ ವಿಷಯವನ್ನು ಅಭ್ಯಸಿಸಿದವರು ಒತ್ತಿ ಹೇಳುತ್ತಾರೆ.

ಕೃತಕಹಾದಿಯನ್ನು ರೂಪಿಸಿದವರ ಗುರಿಯೂ ಈ ಏಕರೂಪತೆಯೇ ಆಗಿದ್ದಿತು. ಬ್ರಿಟನ್ನಿನಲ್ಲಿ ಇಂಥ ಹಾದಿಯ ಮೇಲೆ ಮೊದಲ ಪಂದ್ಯಗಳು ನಡೆದುದು 1989ರಲ್ಲಿ, ಲಿಂಗ್‌ಫೀಲ್ಡ್ ಎಂಬಲ್ಲಿ. 2005ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಟರ್ಫ್‌ವೇ ಪಾರ್ಕಿನಲ್ಲಿ ಮೇಣಲೇಪಿತ ಮರಳಿನ ಹಾದಿ ಸಿದ್ಧವಾಯಿತು. ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯದ ಪಂದ್ಯ ಮಂಡಲಿ, ತನ್ನ ವ್ಯಾಪ್ತಿಯ ದೊಡ್ಡ ಓಟದ ಮೈದಾನಗಳೆಲ್ಲ 2007ರ ಕೊನೆಯೊಳಗೆ ಕೃತಕಹಾದಿಯನ್ನು ಅಳವಡಿಸಿಕೊಳ್ಳಬೇಕೆಂದು ಆಜ್ಞೆ ಮಾಡಿತು. ಕೋಟ್ಯಂತರ ಹಣ ವೆಚ್ಚವಾಯಿತು. ಪ್ರಾಣಹಾನಿ ಕಡಿಮೆಯಾಯಿತೆಂಬುದು ನಿಜ. ಆದರೆ ಹೊಸ ತೊಡಕುಗಳೂ ತಲೆದೋರಿದುವು. ಮುಂಜಾನೆಯ ತಂಪಿನಲ್ಲಿ ಒಂದು ಬಗೆಯಾಗಿದ್ದ ಹಾದಿ, ಮಧ್ಯಾಹ್ನದ ಬಿಸಿಲಿಗೆ ಮೇಣ ಮೆದುವಾದಾಗ ಇನ್ನೊಂದು ಬಗೆಯಾಗುತ್ತಿದ್ದಿತು. ಹಿಂಗಾಲುಗಳ ನೋವು ಹೆಚ್ಚಿತೆಂದು ಹಲವು ತರಬೇತುದಾರರು ದೂರಿದರು. ಸಾಂಟಾ ಅನಿಟಾ ಎಂಬ ಮೈದಾನದಲ್ಲಿ ನೀರು ಸರಿಯಾಗಿ ಬಸಿಯದೆ, 2008ರ ಜನವರಿಯಲ್ಲಿ ಹಲವು ದಿನಗಳ ಪಂದ್ಯಗಳನ್ನೇ ರದ್ದುಪಡಿಸಬೇಕಾಯಿತು. ಅಲ್ಲಿಯವರು 2010ರಲ್ಲಿ ಮತ್ತೆ ಮಣ್ಣುಹಾದಿಗೆ ಹಿಂದಿರುಗಿದರು.

ಹಾಗಾದರೆ ಯಾವ ಹಾದಿ ಉತ್ತಮವಾದುದು? ಊಹೆಯಿಂದ ಉತ್ತರ ಕೊಡುವ ಬದಲು ಲೆಕ್ಕವಿಟ್ಟು ನೋಡಬೇಕೆಂದು ಅಮೆರಿಕದ ಜಾಕಿ ಕ್ಲಬ್ ಎಂಬ ಸಂಸ್ಥೆ 2008ರಲ್ಲಿ ಕುದುರೆಗಳ ಗಾಯಗಳ ಮಾಹಿತಿ ಸಂಗ್ರಹವನ್ನು ಆರಂಭಿಸಿತು. ಒಂದು ಕುದುರೆ ಒಂದು ಪಂದ್ಯದಲ್ಲಿ ಓಡಿದರೆ ಅದನ್ನು ಒಂದು ಓಟವೆಂದು ಎಣಿಸಿ, ಅಂಥ ಪ್ರತಿ 1000 ಓಟಗಳಲ್ಲಿ ಗಾಯದಿಂದ ಸತ್ತ ಕುದುರೆಗಳೆಷ್ಟೆಂದು ಲೆಕ್ಕ ಹಾಕುತ್ತಾರೆ. ಹಲವು ವರ್ಷಗಳ ಅಂಕಿಗಳನ್ನು ಕೂಡಿಸಿ ನೋಡಿದಾಗ ಕೃತಕಹಾದಿಯಲ್ಲಿ ಸಾವು ಎಲ್ಲಕ್ಕಿಂತ ಕಡಿಮೆ, ಹುಲ್ಲುಹಾದಿಯಲ್ಲಿ ಅದಕ್ಕಿಂತ ಹೆಚ್ಚು, ಮಣ್ಣುಹಾದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಂದು ಕಂಡುಬಂದಿತು. ಆದರೆ ಇನ್ನೊಂದು ಅಂಶವೂ ಗಮನಾರ್ಹವಾಗಿದೆ. ಮೂರು ಬಗೆಯ ಹಾದಿಗಳನ್ನೂ ಒಟ್ಟಾಗಿ ತೆಗೆದುಕೊಂಡರೆ, 2009ರಲ್ಲಿ ಪ್ರತಿ 1000 ಓಟಗಳಿಗೆ 2.00 ಇದ್ದ ಪ್ರಮಾಣ 2022ರ ಹೊತ್ತಿಗೆ 1.25ಕ್ಕೆ ಇಳಿಯಿತು. ಈ ಅವಧಿಯಲ್ಲಿ ಹಲವು ಕೃತಕಹಾದಿಗಳನ್ನು ಕಿತ್ತು ಮತ್ತೆ ಮಣ್ಣು ಹಾಕಲಾಗಿದ್ದರೂ ಸಾವು ಇಳಿಯಿತೆಂದರೆ, ಹಾದಿಯ ಬಗೆಯಲ್ಲದೆ ಬೇರೆ ಕಾರಣಗಳೂ ಇರಬೇಕಷ್ಟೆ.

ಆ ಕಾರಣಗಳಲ್ಲಿ ಮುಖ್ಯವಾದುದು ಮೂಳೆಯ ಸ್ವಭಾವಕ್ಕೆ ಸಂಬಂಧಿಸಿದುದು. ಮೂಳೆ ಕಲ್ಲಿನಂತೆ ಜಡವಸ್ತುವಲ್ಲ. ಅದು ಜೀವಂತ ಅಂಗ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಅದು ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ. ಆದರೆ ಅದಕ್ಕೆ ಕಾಲಾವಕಾಶ ಬೇಕು. ಕಠಿಣವಾದ ಓಟದಿಂದ ಮೂಳೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಮೂಡುತ್ತವೆ. ವಿಶ್ರಾಂತಿ ದೊರೆತರೆ ದೇಹವೇ ಅವುಗಳನ್ನು ದುರಸ್ತಿ ಮಾಡುತ್ತದೆ. ದೊರೆಯದಿದ್ದರೆ ಬಿರುಕುಗಳು ಒಂದಕ್ಕೊಂದು ಸೇರಿ ಒಂದು ದಿನ ಮೂಳೆ ಮುರಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1990ರಿಂದ, ಓಟದ ಮೈದಾನಗಳಲ್ಲಿ ಸತ್ತ ಕುದುರೆಗಳ ಮರಣೋತ್ತರ ಪರೀಕ್ಷೆ ನಡೆಯುತ್ತ ಬಂದಿದೆ. ಅಲ್ಲಿಯ ಡೇವಿಸ್ ವಿಶ್ವವಿದ್ಯಾನಿಲಯದ ಸೂಸನ್ ಸ್ಟೋವರ್ ಮತ್ತು ಅವರ ಸಹೋದ್ಯೋಗಿಗಳು ಆ ಮೂಳೆಗಳನ್ನು ಪರೀಕ್ಷಿಸಿ, ಒಮ್ಮೆಲೇ ಮುರಿದಂತೆ ತೋರುವ ಮೂಳೆಗಳಲ್ಲಿ ಅನೇಕವು ಮೊದಲೇ ಅದೇ ಜಾಗದಲ್ಲಿ ದುರ್ಬಲವಾಗಿದ್ದುವೆಂದು ತೋರಿಸಿಕೊಟ್ಟರು. ಅಂದರೆ ಕೆಟ್ಟ ಹೆಜ್ಜೆಯೊಂದು ಕಡೆಯ ನೆಪವೇ ಹೊರತು ಮೊದಲ ಕಾರಣವಲ್ಲ.

ಈ ಮಾತಿನ ಸತ್ಯ 2019ರಲ್ಲಿ ಪ್ರಪಂಚದ ಕಣ್ಣಿಗೆ ಬಿದ್ದಿತು. ಮತ್ತೆ ಮಣ್ಣುಹಾದಿಯನ್ನು ಹಾಕಿಕೊಂಡಿದ್ದ ಸಾಂಟಾ ಅನಿಟಾ ಮೈದಾನದಲ್ಲಿ, 2018ರ ಡಿಸೆಂಬರಿನ ಕೊನೆಯಿಂದ 2019ರ ಜೂನ್‌ವರೆಗಿನ ಆರು ತಿಂಗಳಲ್ಲಿ 30 ಕುದುರೆಗಳು ಸತ್ತವು. ಆ ಚಳಿಗಾಲದಲ್ಲಿ ಅಲ್ಲಿ ಅಸಾಧಾರಣ ಮಳೆ ಬಿದ್ದಿದ್ದಿತು. ನೀರು ಒಳಗೆ ಇಳಿಯದಿರಲೆಂದು ಹಾದಿಯ ಮೇಲ್ಪದರವನ್ನು ಅದುಮಿ ಗಟ್ಟಿಮಾಡುವುದು, ಮಳೆ ನಿಂತ ಮೇಲೆ ಮತ್ತೆ ಸಡಿಲಿಸುವುದು ಪದೇಪದೇ ನಡೆದಿದ್ದಿತು. ಮಾರ್ಚ್ ತಿಂಗಳಿನಲ್ಲಿ ಪಂದ್ಯಗಳನ್ನು ನಿಲ್ಲಿಸಿ, ನೆಲದೊಳಗನ್ನು ಕಾಣುವ ರೇಡಾರ್ ಉಪಕರಣದಿಂದ ಹಾದಿಯ ಪದರಗಳನ್ನು ಪರೀಕ್ಷಿಸಲಾಯಿತು. ಮರುವರ್ಷ ಹೊರಬಂದ ತನಿಖೆಯ ವರದಿ ಮಳೆಗೆ ಸಿಕ್ಕಿದ ಹಾದಿಯನ್ನೂ ಒಂದು ಅಂಶವಾಗಿ ಗುರುತಿಸಿತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಪರಿಶೀಲನೆಗೊಳಗಾದ ಕುದುರೆಗಳಲ್ಲಿ ಬಹುಪಾಲಿಗೆ ಮೂಳೆ ಮುರಿದ ಜಾಗದಲ್ಲಿ ಮೊದಲೇ ದೋಷವಿದ್ದಿತೆಂದು ಅದು ತಿಳಿಸಿತು. ಮಳೆ ಹಾದಿಯನ್ನು ಕೆಡಿಸಿತ್ತು, ನಿಜ. ಆದರೆ ಓಡಲು ತಕ್ಕುದಲ್ಲದ ಕಾಲುಗಳನ್ನು ಆ ಹಾದಿಗೆ ಇಳಿಸಿದವರು ಮನುಷ್ಯರು. ಅನಂತರ ಪಶುವೈದ್ಯರ ತಪಾಸಣೆಯನ್ನು ಬಿಗಿಗೊಳಿಸಿ, ಔಷಧಗಳ ಬಳಕೆಯನ್ನು ನಿಯಂತ್ರಿಸಿದ ಮೇಲೆ ಅದೇ ಮೈದಾನದಲ್ಲಿ ಸಾವುಗಳು ಗಣನೀಯವಾಗಿ ಕಡಿಮೆಯಾದುವು.

ಇಂದು ಹಾದಿಯ ಪರೀಕ್ಷೆಯೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಹಿಂದೆ ಅನುಭವಸ್ಥರು ಕೋಲನ್ನು ನೆಲಕ್ಕೆ ಚುಚ್ಚಿಯೋ ಹಿಮ್ಮಡಿಯಿಂದ ಒತ್ತಿಯೋ ಹದವನ್ನು ಅಳೆಯುತ್ತಿದ್ದರು. ಈಗ ನಿರ್ದಿಷ್ಟ ಎತ್ತರದಿಂದ ತೂಕವನ್ನು ಬೀಳಿಸಿ, ಮೊಳೆ ಎಷ್ಟು ಆಳ ಇಳಿಯಿತೆಂದು ನೋಡುವ ‘ಪೆನೆಟ್ರೋಮೀಟರ್’ ಎಂಬ ಸಾಧನವಿದೆ. ಅಮೆರಿಕದ ಎಂಜಿನಿಯರ್ ಮಿಕ್ ಪೀಟರ್ಸನ್ ಮತ್ತು ಸಂಗಡಿಗರು ಕುದುರೆಯ ಮುಂಗಾಲು ನೆಲಕ್ಕೆ ಬಡಿಯುವುದನ್ನೇ ಅನುಕರಿಸುವ ಯಂತ್ರವೊಂದನ್ನು ನಿರ್ಮಿಸಿದ್ದಾರೆ. ಅದರ ಲೋಹದ ಗೊರಸು ಓರೆಯಾಗಿ ಇಳಿದು ನೆಲಕ್ಕೆ ಅಪ್ಪಳಿಸುತ್ತದೆ. ನೆಲ ಎಷ್ಟು ಗಟ್ಟಿ, ಗೊರಸು ಎಷ್ಟು ಜಾರಿತು ಎಂಬುದನ್ನು ಉಪಕರಣಗಳು ದಾಖಲಿಸುತ್ತವೆ. ಹಾದಿಯ ತೇವ, ಪದರದ ದಪ್ಪ, ತಿರುವುಗಳ ಇಳಿಜಾರು ಇವೆಲ್ಲವನ್ನೂ ಅಳೆದು ಬರೆದಿಡುತ್ತಾರೆ. ಅಮೆರಿಕದಲ್ಲಿ 2020ರಲ್ಲಿ ಅಂಗೀಕಾರವಾದ ಕಾನೂನೊಂದರ ಅನ್ವಯ, 2022ರ ಜುಲೈ 1ರಿಂದ ಓಟದ ಮೈದಾನಗಳ ಸುರಕ್ಷತೆಗೆ ರಾಷ್ಟ್ರಮಟ್ಟದ ನಿಯಮಗಳು ಜಾರಿಗೆ ಬಂದಿವೆ.

ಇಷ್ಟು ವಿಚಾರ ಮಾಡಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ಯಾವ ಹಾದಿಯೂ ತಾನಾಗಿ ಕುದುರೆಯನ್ನು ಕೊಲ್ಲುವುದಿಲ್ಲ. ಯಾವ ಹಾದಿಯೂ ತಾನಾಗಿ ಅದನ್ನು ಕಾಪಾಡುವುದೂ ಇಲ್ಲ. ಹುಲ್ಲಾಗಲಿ, ಮಣ್ಣಾಗಲಿ, ಮೇಣದ ಮರಳಾಗಲಿ, ಅದನ್ನು ಎಲ್ಲೆಡೆಯೂ ಒಂದೇ ಹದದಲ್ಲಿ ಇರಿಸುವ ಎಚ್ಚರ, ಕುದುರೆಯ ಕಾಲನ್ನು ಆ ನೆಲಕ್ಕೆ ಮೆಲ್ಲಮೆಲ್ಲನೆ ಒಗ್ಗಿಸುವ ತಾಳ್ಮೆ, ಕಾಲು ನೊಂದಿದೆಯೆಂದು ಕಂಡಾಗ ಲಾಭದ ಆಸೆಯನ್ನು ಬಿಟ್ಟು ಅದನ್ನು ಓಟದಿಂದ ಹಿಂದೆಗೆಯುವ ವಿವೇಕ ಇವು ಕೂಡಿದಾಗಲೇ ಪ್ರಾಣಿಗೆ ರಕ್ಷಣೆ. ಓಡುವುದು ಕುದುರೆಯ ಸಹಜಗುಣ. ಆದರೆ ಪಂದ್ಯದಲ್ಲಿ ಯಾವಾಗ, ಎಲ್ಲಿ, ಎಷ್ಟು ಓಡಬೇಕೆಂಬುದನ್ನು ನಿಶ್ಚಯಿಸುವವನು ಮನುಷ್ಯ. ತನ್ನ ನೋವನ್ನು ಮಾತಿನಲ್ಲಿ ಹೇಳಲಾರದ ಜೀವಿಯನ್ನು ತನ್ನ ಸಂತೋಷಕ್ಕಾಗಿ ಓಡಿಸುವವನಿಗೆ, ಅದು ಊರುವ ಪ್ರತಿಯೊಂದು ಹೆಜ್ಜೆಯ ಹೊಣೆಯೂ ಸೇರಿದ್ದಾಗಿದೆ.